ಕಾಯುವ ವಿದ್ಯೆ

ಕನ್ನಡದ ‘ಕಾಯು’ ಎಂಬ ಒಂದೇ ಕ್ರಿಯಾಪದಕ್ಕೆ ಮೂರು ಕೆಲಸ. ಒಲೆಯ ಮೇಲೆ ಕಾವಲಿ ಕಾಯುತ್ತದೆ, ತೆನೆ ಕಟ್ಟಿದ ಹೊಲವನ್ನು ರೈತ ಕಾಯುತ್ತಾನೆ, ಹರಿಹರದ ಬಸ್ ನಿಲ್ದಾಣದಲ್ಲಿ ಜನ ಬಸ್ಸಿಗೆ ಕಾಯುತ್ತಾರೆ. ಬಿಸಿಯಾಗುವುದು, ಕಾಪಾಡುವುದು, ತಾಳ್ಮೆಯಿಂದ ಎದುರು ನೋಡುವುದು ಮೂರೂ ಒಟ್ಟಿಗೆ ಬೇಕಾಗುವ ಹವ್ಯಾಸವೊಂದಿದೆ. ಸೆಕೆಂಡಿಗೆ ಸರಿಯಾಗಿ ಒಂದು ಕೋಟಿ ಸಲ ಕಂಪಿಸುವ ಉಪಕರಣವನ್ನು ಮನೆಯಲ್ಲೋ ಶೆಡ್ಡಿನ ಮೂಲೆಯಲ್ಲೋ ಇಟ್ಟುಕೊಂಡು, ಆ ಒಂದು ಕೋಟಿಯಲ್ಲಿ ಒಂದರ ನೂರನೇ ಪಾಲೂ ಹೆಚ್ಚುಕಡಿಮೆಯಾಗದಂತೆ ವರ್ಷಗಟ್ಟಲೆ ನೋಡಿಕೊಳ್ಳುವುದೇ ಆ ಹವ್ಯಾಸ. ಇಂಥ ಉಪಕರಣಕ್ಕೆ ಆವರ್ತನ ಮಾನಕ ಎಂದು ಹೆಸರು. ದೂರಸಂಪರ್ಕ ಕಂಪನಿಗಳು ಹಳೆಯ ಟವರ್‌ಗಳಿಂದ ಕಳಚಿ ಗುಜರಿಗೆ ಹಾಕಿದ ಕ್ರಿಸ್ಟಲ್ ಓವನ್‌ಗಳೂ ರುಬಿಡಿಯಂ ಪೆಟ್ಟಿಗೆಗಳೂ ಸೆಕೆಂಡ್‌ಹ್ಯಾಂಡ್ ಮಾರುಕಟ್ಟೆಗೆ ಬಂದ ಮೇಲೆ, ಒಂದು ಕಾಲದಲ್ಲಿ ಸರ್ಕಾರಿ ಪ್ರಯೋಗಾಲಯಗಳಿಗೆ ಮಾತ್ರ ಎಟುಕುತ್ತಿದ್ದ ನಿಖರತೆ ಹವ್ಯಾಸಿಯ ಮೇಜಿಗೂ ಬಂತು. ಆದರೆ ಮೇಜಿಗೆ ಬಂದದ್ದು ಪೆಟ್ಟಿಗೆ ಮಾತ್ರ. ನಿಖರತೆಯನ್ನು ಅಂಗಡಿಯಲ್ಲಿ ಕೊಳ್ಳಲಾಗುವುದಿಲ್ಲ, ಅದನ್ನು ಕಾಯ್ದುಕೊಳ್ಳಬೇಕು. ಕಾಯ್ದುಕೊಳ್ಳುವ ಕೆಲಸದ ಮುಕ್ಕಾಲು ಪಾಲು ಶಾಖವನ್ನು ಕದಲದಂತೆ ಹಿಡಿದಿಡುವುದರಲ್ಲೇ ಹೋಗುತ್ತದೆ. ಹಾಗಿದ್ದರೆ ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದಂಥ ಜಾಗ, ತಗಡಿನ ಛಾವಣಿ, ಏಪ್ರಿಲ್‌ನ ಬಿಸಿಲು, ಪಕ್ಕದ ಶೆಡ್ಡಿನ ಪವರ್ ಪ್ರೆಸ್, ಆಗಾಗ ಹೋಗುವ ಕರೆಂಟು, ಇವೆಲ್ಲ ಈ ಹವ್ಯಾಸಕ್ಕೆ ಒಗ್ಗದವು ಎಂದು ತೋರುವುದು ಸಹಜ. ಲೆಕ್ಕ ಹಾಕಿ ನೋಡಿದರೆ ಹಾಗಿಲ್ಲ.

ಬಿಸಿಯಾದ ವಸ್ತು ಹಿಗ್ಗುತ್ತದೆ ಎಂಬ ಶಾಲೆಯ ಪಾಠದಿಂದಲೇ ಆರಂಭಿಸಬಹುದು. ಉಕ್ಕಿನ ಸರಳಿನ ಲೋಲಕವಿರುವ ಗೋಡೆ ಗಡಿಯಾರ, ಒಂದು ಡಿಗ್ರಿ ಸೆಖೆ ಹೆಚ್ಚಾದರೆ ದಿನಕ್ಕೆ ಸುಮಾರು ಅರ್ಧ ಸೆಕೆಂಡ್ ಹಿಂದೆ ಬೀಳುತ್ತದೆ. ಮಾಗಿಯಿಂದ ಬೇಸಿಗೆಗೆ ಹತ್ತು ಡಿಗ್ರಿ ಏರಿದರೆ ದಿನಕ್ಕೆ ಐದು ಸೆಕೆಂಡ್. ಈ ತೊಂದರೆಗೆ ಮದ್ದಾಗಿ ಬಂದ, ಬಿಸಿಗೆ ಅಷ್ಟಾಗಿ ಹಿಗ್ಗದ ‘ಇನ್ವಾರ್’ ಮಿಶ್ರಲೋಹವನ್ನು 1896ರಲ್ಲಿ ಕಂಡುಹಿಡಿದ ಷಾರ್ಲ್ ಎಡ್ವಾರ್ ಗಿಯೋಮ್ ಅವರಿಗೆ 1920ರ ಭೌತವಿಜ್ಞಾನದ ನೊಬೆಲ್ ಸಂದಿತು. ಲೋಲಕದ ಜಾಗಕ್ಕೆ ಮುಂದೆ ಸ್ಫಟಿಕ ಬಂತು. ಸ್ಫಟಿಕವನ್ನು ಒತ್ತಿದರೆ ವಿದ್ಯುತ್ತು ಹುಟ್ಟುತ್ತದೆ ಎಂದು ಕ್ಯೂರಿ ಸಹೋದರರು 1880ರಲ್ಲಿ ತೋರಿಸಿದ್ದರು. ಅದನ್ನೇ ತಿರುಗಿಸಿ, ವಿದ್ಯುತ್ತು ಕೊಟ್ಟು ಸ್ಫಟಿಕವನ್ನು ಕಂಪಿಸುವಂತೆ ಮಾಡಿ 1927ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಮೊದಲ ಸ್ಫಟಿಕ ಗಡಿಯಾರ ಕಟ್ಟಿದರು. ಇಂದು ಕೈಗಡಿಯಾರದೊಳಗಿನ ಸ್ಫಟಿಕ ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಅದನ್ನು ಹದಿನೈದು ಸಲ ಅರ್ಧ ಮಾಡಿದರೆ ಸೆಕೆಂಡಿಗೆ ಒಂದು ಬಡಿತ ಸಿಗುತ್ತದೆ. ಅದರ ಚರ್ಯೆ 25 ಡಿಗ್ರಿಯ ಆಸುಪಾಸಿನಲ್ಲಿ ಚೆನ್ನ. ಅಲ್ಲಿಂದ ಬಿಸಿಯಾದರೂ ತಣ್ಣಗಾದರೂ ನಿಧಾನವಾಗುತ್ತದೆ, ಅದೂ ದೂರದ ವರ್ಗದ ಲೆಕ್ಕದಲ್ಲಿ. 40 ಡಿಗ್ರಿಯಲ್ಲೇ ಇಟ್ಟರೆ ದಿನಕ್ಕೆ ಸೆಕೆಂಡಿನ ಮೂರರಲ್ಲಿ ಎರಡು ಪಾಲು ಕಳೆದುಕೊಳ್ಳುತ್ತದೆ. ಕಿಟಕಿಯ ಬಳಿ ಇಟ್ಟ ಗಡಿಯಾರಕ್ಕಿಂತ ಕೈಗೆ ಕಟ್ಟಿದ್ದು ಸ್ಥಿರವಾಗಿ ನಡೆಯಲು ಇದೇ ಕಾರಣ. ಮುಂಗೈಯ ಶಾಖವೇ ಅದಕ್ಕೆ ಓವನ್ನು.

ಈ ಹವ್ಯಾಸದಲ್ಲಿ ನಿಖರತೆಗೆ ಮೆಟ್ಟಿಲುಗಳಿವೆ. ಹತ್ತು ಲಕ್ಷಕ್ಕೆ ಒಂದು ತಪ್ಪಿದರೆ ಗಡಿಯಾರ ಸುಮಾರು ಹನ್ನೊಂದೂವರೆ ದಿನಕ್ಕೆ ಒಂದು ಸೆಕೆಂಡ್ ತಪ್ಪುತ್ತದೆ. ಬರಿಯ ಕ್ರಿಸ್ಟಲ್ ಈ ಮೆಟ್ಟಿಲಿನ ಸುತ್ತಮುತ್ತಲೇ ನಿಲ್ಲುತ್ತದೆ. ಅದೇ ಕ್ರಿಸ್ಟಲನ್ನು ಪುಟ್ಟ ಓವನ್ನಿನೊಳಗೆ ಕೂರಿಸಿದರೆ ತಪ್ಪು ನೂರು ಕೋಟಿಗೆ ಒಂದಕ್ಕೆ ಇಳಿಯಬಲ್ಲದು, ಅಂದರೆ 32 ವರ್ಷಕ್ಕೆ ಒಂದು ಸೆಕೆಂಡ್. ರುಬಿಡಿಯಂ ಮಾನಕ ಅದಕ್ಕೂ ನೂರು ಪಟ್ಟು ಮೇಲೆ, ಹತ್ತು ಸಾವಿರ ಕೋಟಿಗೆ ಒಂದು. ಅದರಲ್ಲಿ ಲೆಕ್ಕದ ಒಡೆಯ ಪರಮಾಣು. ಸೆಕೆಂಡಿಗೆ 683 ಕೋಟಿಗೂ ಹೆಚ್ಚಿನ ಅದರ ನಿಸರ್ಗದತ್ತ ಆವರ್ತನಕ್ಕೆ ಒಳಗಿನ ಕ್ರಿಸ್ಟಲನ್ನು ಕಟ್ಟಿಹಾಕುತ್ತಾರೆ. ತುದಿಯಲ್ಲಿರುವುದು ಸೀಸಿಯಂ. 1967ರಿಂದ ಸೆಕೆಂಡಿನ ವ್ಯಾಖ್ಯೆಯೇ ಅದರ 919,26,31,770 ಆವರ್ತಗಳು. ಮೊದಲ ಮೆಟ್ಟಿಲಿನಿಂದ ಎರಡನೆಯದಕ್ಕೆ ಏರುವಾಗ ಸಾವಿರ ಪಟ್ಟು ನಿಖರತೆ ಬಂದದ್ದರಲ್ಲಿ ಸ್ಫಟಿಕವನ್ನು ಕೊಯ್ದ ಕೋನದ ಪಾಲೂ ಇದೆ. ಆದರೆ ದೊಡ್ಡ ಪಾಲು ಅದರ ಸುತ್ತಲಿನ ಶಾಖವನ್ನು ಹಿಡಿದು ನಿಲ್ಲಿಸಿದ್ದರದು.

ಈ ಮಾತು ಹರಿಹರ–ದಾವಣಗೆರೆಯ ಲೇತ್ ಕೆಲಸಗಾರರಿಗೆ ಹೊಸದಲ್ಲ. 1941ರಲ್ಲಿ ಹರಿಹರದಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ದಶಕಗಳ ಕಾಲ ಲೇತ್ ಯಂತ್ರಗಳನ್ನು ಮಾಡಿತು. ಮೈಕ್ರಾನ್ ಲೆಕ್ಕದಲ್ಲಿ ಅಳೆಯುವ ಕಡೆ ಮೊದಲು ಕಲಿಯುವ ಪಾಠವೇ ಶಾಖದ್ದು. ನೂರು ಮಿಲಿಮೀಟರ್ ಉದ್ದದ ಉಕ್ಕು ಹತ್ತು ಡಿಗ್ರಿ ಬಿಸಿಯಾದರೆ ಹನ್ನೊಂದು–ಹನ್ನೆರಡು ಮೈಕ್ರಾನ್ ಉದ್ದವಾಗುತ್ತದೆ. ಆದ್ದರಿಂದಲೇ ಜಗತ್ತು 1931ರಲ್ಲಿ ಉದ್ದದ ಅಳತೆಗೆ 20 ಡಿಗ್ರಿಯನ್ನು ಆಧಾರವಾಗಿ ಒಪ್ಪಿಕೊಂಡಿತು. ಆಗಷ್ಟೇ ಕಡೆದು ತೆಗೆದ ತುಂಡನ್ನು ತಕ್ಷಣ ಅಳೆಯದೆ, ಸ್ಲಿಪ್ ಗೇಜಿನ ಜೊತೆ ಒಂದೇ ಕಲ್ಲಿನ ಮೇಲೆ ಇಟ್ಟು ಎರಡೂ ಒಂದೇ ಶಾಖಕ್ಕೆ ಬರುವವರೆಗೆ ಬಿಡುವುದು ಬಲ್ಲವರ ರೂಢಿ. ಆವರ್ತನದ ಹವ್ಯಾಸಿ ಮಾಡುವುದೂ ಇದನ್ನೇ. ಅವನ ಮೈಕ್ರಾನುಗಳು ಇನ್ನೂ ಸಣ್ಣವು, ಅಷ್ಟೆ. ಹೀಗಾಗಿ ಈ ವಿದ್ಯೆಗೆ ಬೇಕಾದ ಕೈ ಮತ್ತು ಗುಣ ಕರೂರಿನಂಥ ಕಡೆ ಈಗಾಗಲೇ ಇವೆ ಎನ್ನಲು ಅಡ್ಡಿಯಿಲ್ಲ.

ಇನ್ನು ಬಿಸಿಲಿನ ಪ್ರಶ್ನೆ. ಕ್ರಿಸ್ಟಲ್ ಓವನ್ ಎಂದರೆ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಲೋಹದ ಡಬ್ಬಿ. ಒಳಗೆ ಶಾಖ ಅಳೆಯುವ ಥರ್ಮಿಸ್ಟರ್, ಬಿಸಿ ಮಾಡುವ ಹೀಟರ್, ಸುತ್ತ ಶಾಖ ಬಿಟ್ಟುಕೊಡದ ಫೋಮ್. ಹೊರಗೆ ತಣ್ಣಗಾದರೆ ಹೀಟರಿಗೆ ಹೆಚ್ಚು ಕರೆಂಟು, ಬಿಸಿಯಾದರೆ ಕಡಿಮೆ. ಈ ಓವನ್ನಿಗೆ ಕಾಯಿಸುವುದು ಗೊತ್ತು, ತಣಿಸುವುದು ಗೊತ್ತಿಲ್ಲ. ಆದ್ದರಿಂದ ಅದು ಹಿಡಿದಿಡಬೇಕಾದ ಶಾಖದ ಬಿಂದುವನ್ನು ಹೊರಗಿನ ಅತಿ ಹೆಚ್ಚಿನ ಶಾಖಕ್ಕಿಂತ ಸಾಕಷ್ಟು ಮೇಲೆ, ಸಾಮಾನ್ಯವಾಗಿ 75ರಿಂದ 90 ಡಿಗ್ರಿಯ ನಡುವೆ ಇಡುತ್ತಾರೆ. ಒಳ್ಳೆಯ ಸ್ಫಟಿಕಗಳನ್ನು ಕೊಯ್ಯುವುದೂ ಆ ಶಾಖದಲ್ಲೇ ಅವುಗಳ ಆವರ್ತನದ ರೇಖೆ ಚಪ್ಪಟೆಯಾಗುವಂತೆ. ಅಂದ ಮೇಲೆ ಹೊರಗೆ 38 ಡಿಗ್ರಿಯ ಸೆಖೆ ಇದ್ದರೂ ಓವನ್ನಿಗೆ ಅದು ಚಳಿಯೇ! ಶಾಖ ಎಷ್ಟಿದೆ ಎಂಬುದಕ್ಕಿಂತ ಎಷ್ಟು ಬೇಗ ಬದಲಾಗುತ್ತದೆ ಎಂಬುದು ಮುಖ್ಯ. ದಾವಣಗೆರೆಯ ಮಂಡಕ್ಕಿ ಭಟ್ಟಿಗಳಲ್ಲಿ ಅಕ್ಕಿಯನ್ನು ಬೆಂಕಿಗೆ ನೇರವಾಗಿ ಒಡ್ಡದೆ ಕಾದ ಮರಳಿನಲ್ಲಿ ಹುರಿಯುವುದು ಯಾಕೆ? ಉರಿ ಏರಿಳಿದರೂ ಮರಳಿನ ಕಾವು ಅಷ್ಟು ಸುಲಭವಾಗಿ ಏರಿಳಿಯುವುದಿಲ್ಲ, ಎಲ್ಲ ಕಾಳಿಗೂ ಸಮನಾಗಿ ತಟ್ಟುತ್ತದೆ. ಬೆಣ್ಣೆ ದೋಸೆಯ ದಪ್ಪ ಕಾವಲಿಯ ಗುಟ್ಟೂ ಅದೇ. ಓವನ್ನಿನೊಳಗಿನ ತಾಮ್ರದ ಇಲ್ಲವೆ ಅಲ್ಯೂಮಿನಿಯಂ ತುಂಡು ಕ್ರಿಸ್ಟಲಿನ ಪಾಲಿಗೆ ಇಂಥ ಮರಳು.

ಇಲ್ಲಿ ಮೊದಲ ಆಕ್ಷೇಪ ಬರುತ್ತದೆ. ಇಷ್ಟೆಲ್ಲ ಒದ್ದಾಟ ಯಾಕೆ, ಒಂದು ಎಸಿ ಕೊಠಡಿ ಮಾಡಿದರೆ ಮುಗಿಯಿತಲ್ಲ? ಉತ್ತರಕ್ಕೆ ಜಿಪಿಎಸ್ಸನ್ನು ತುಸು ನೋಡಬೇಕು. ಉಪಗ್ರಹಗಳಲ್ಲಿ ಪರಮಾಣು ಗಡಿಯಾರಗಳಿವೆ. ಸಣ್ಣ ರಿಸೀವರ್ ಪ್ರತಿ ಸೆಕೆಂಡಿಗೆ ಒಂದು ಮಿಡಿತ ಕೊಡುತ್ತದೆ. ಆ ಮಿಡಿತ ಹಿಂದುಮುಂದಾಗುವುದು ಸುಮಾರು 20 ನ್ಯಾನೊಸೆಕೆಂಡ್. ಒಂದು ಸೆಕೆಂಡಿನ ಲೆಕ್ಕದಲ್ಲಿ ಅದು ಐದು ಕೋಟಿಗೆ ಒಂದರ ತಪ್ಪು, ಒಳ್ಳೆಯ ಕ್ರಿಸ್ಟಲಿಗಿಂತ ಎಷ್ಟೋ ಕೀಳು. ಅದೇ 20 ನ್ಯಾನೊಸೆಕೆಂಡನ್ನು ಇಡೀ ದಿನಕ್ಕೆ ಹಂಚಿದರೆ ನಾಲ್ಕು ಲಕ್ಷ ಕೋಟಿಗೆ ಒಂದು. ಅಂದರೆ ಜಿಪಿಎಸ್ ಕ್ಷಣದಲ್ಲಿ ಚಂಚಲ, ದಿನದಲ್ಲಿ ಸ್ಥಿರ. ಕ್ರಿಸ್ಟಲ್ ಕ್ಷಣದಲ್ಲಿ ಸ್ಥಿರ, ದಿನದಲ್ಲಿ ಚಂಚಲ. ಇಬ್ಬರಿಗೂ ಮದುವೆ ಮಾಡಿಸಿ, ಸ್ಫಟಿಕವನ್ನು ಉಪಗ್ರಹದ ಮಿಡಿತಕ್ಕೆ ಮೆಲ್ಲನೆ ತಿದ್ದುತ್ತ ಹೋಗುವ ಉಪಕರಣವೇ ಹವ್ಯಾಸಿಗಳ ಮೇಜಿನಲ್ಲಿ ಹೆಚ್ಚಾಗಿ ಕಾಣುವ ಮಾನಕ. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಲಗಾಮು ಹೋಗುವುದು ಸಾಮಾನ್ಯವಾಗಿ ಕೆಲವು ನೂರರಿಂದ ಕೆಲವು ಸಾವಿರ ಸೆಕೆಂಡುಗಳ ನಡುವೆ. ಅದಕ್ಕಿಂತ ನಿಧಾನವಾದ ಬದಲಾವಣೆಯನ್ನು ಉಪಗ್ರಹ ತಿದ್ದುತ್ತದೆ, ವೇಗವಾದದ್ದನ್ನು ಓವನ್ನಿನ ದಪ್ಪ ಲೋಹ ನುಂಗುತ್ತದೆ. ನಡುವಿನ ಹತ್ತಿಪ್ಪತ್ತು ನಿಮಿಷದ ಏರಿಳಿತಕ್ಕೆ ಮಾತ್ರ ಹೇಳುವವರು ಕೇಳುವವರು ಇಲ್ಲ. ಸಾಮಾನ್ಯ ಎಸಿಯ ಕಂಪ್ರೆಸರ್ ಆನ್–ಆಫ್ ಆಗುವ ಲಯ ಸರಿಯಾಗಿ ಆ ಸಂದಿಯಲ್ಲೇ ಬೀಳುತ್ತದೆ. ದಾವಣಗೆರೆಯ ಬಿಸಿಲಾದರೋ ಬೆಳಗಿನಿಂದ ಮಧ್ಯಾಹ್ನಕ್ಕೆ ಮೆಲ್ಲನೆ ಏರಿ ರಾತ್ರಿಗೆ ಮೆಲ್ಲನೆ ಇಳಿಯುತ್ತದೆ. ಇಪ್ಪತ್ನಾಲ್ಕು ಗಂಟೆಯ ಆ ಅಲೆಯನ್ನು ಉಪಗ್ರಹ ಸುಲಭವಾಗಿ ತಿದ್ದುತ್ತದೆ. ಇನ್ವರ್ಟರ್ ಎಸಿಗಳಲ್ಲಿ ಏರಿಳಿತ ಕಡಿಮೆ ಎಂಬುದು ನಿಜ. ಆದರೂ ಕ್ರಿಸ್ಟಲಿನ ಮೇಲೆ ನೇರವಾಗಿ ಬೀಸುವ ತಂಗಾಳಿಗಿಂತ ಮುಚ್ಚಿದ ಕಪಾಟಿನ ಸೆಖೆ ಮೇಲು.

ಕಪಾಟು ಎಂದರೆ ಬರಿಯ ಕಪಾಟಲ್ಲ. ಥರ್ಮೊಕೋಲ್ ಪೆಟ್ಟಿಗೆಯೊಂದರಲ್ಲಿ 20 ಲೀಟರಿನ ನೀರಿನ ಕ್ಯಾನನ್ನು ಮಾನಕದ ಪಕ್ಕ ಇಟ್ಟರೆ ಏನಾಗುತ್ತದೆ ಎಂದು ಲೆಕ್ಕ ಹಾಕಬಹುದು. ಅಷ್ಟು ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 84,000 ಜೂಲ್ ಬೇಕು. ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸವಿದ್ದಾಗ ಪೆಟ್ಟಿಗೆಯ ಗೋಡೆ ಒಂದು ವ್ಯಾಟ್ ಸೋರಿಸುತ್ತದೆ ಎಂದಿಟ್ಟುಕೊಂಡರೆ, ಹೊರಗಿನ ಬದಲಾವಣೆಯ ದೊಡ್ಡ ಪಾಲು ಒಳಗೆ ತಲುಪಲು 84,000 ಸೆಕೆಂಡ್, ಹತ್ತಿರಹತ್ತಿರ ಒಂದು ದಿನ. ಹಗಲು–ರಾತ್ರಿಯ ನಡುವೆ ಕೋಣೆ ಆರು ಡಿಗ್ರಿ ಏರಿಳಿದರೂ ಒಳಗೆ ಒಂದೇ ಡಿಗ್ರಿ ಏರಿಳಿತ. ಹತ್ತಿಪ್ಪತ್ತು ನಿಮಿಷದ ಅಲೆಗಳಂತೂ ಅಳಿಸಿಯೇ ಹೋಗುತ್ತವೆ. ಬಯಲುಸೀಮೆಯ ಹಿರಿಯರು ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿಟ್ಟದ್ದರ ಹಿಂದೆಯೂ ಇಂಥದೇ ತಿಳಿವಳಿಕೆಯಿತ್ತು. ಮಣ್ಣಿನಲ್ಲಿ ಹಗಲಿನ ಶಾಖದ ಅಲೆ ಪ್ರತಿ ಹನ್ನೆರಡು ಸೆಂಟಿಮೀಟರಿಗೆ ಸುಮಾರು ಮೂರನೇ ಒಂದು ಪಾಲಿಗೆ ಇಳಿಯುತ್ತದೆ. ಅರ್ಧ ಮೀಟರ್ ಆಳದಲ್ಲಿ ಉಳಿಯುವುದು ನೂರಕ್ಕೆ ಒಂದೆರಡು. ಆದರೆ ಹಗೇವನ್ನು ಕುರುಡಾಗಿ ಅನುಕರಿಸುವಂತಿಲ್ಲ. ಮಳೆಗಾಲದಲ್ಲಿ ನೆಲದ ತೇವ ಪೆಟ್ಟಿಗೆಗೆ ಇಳಿದರೆ ತಂತಿಗೂ ಸರ್ಕಿಟ್ ಬೋರ್ಡಿಗೂ ತುಕ್ಕು. ತಗಡಿನ ಛಾವಣಿಯಿಂದ ದೂರ, ಒಣಗಿದ ನೆಲಕ್ಕೆ ಹತ್ತಿರ, ಒಳಗೋಡೆಯ ಮೂಲೆ ಕರೂರಿನ ಶೆಡ್ಡಿನಲ್ಲಿ ಸಾಕಾಗುವ ಹಗೇವು.

ಹೊದಿಕೆ ಹೆಚ್ಚಾದಷ್ಟೂ ಒಳ್ಳೆಯದು ಎಂಬ ತಪ್ಪನ್ನು ಹೊಸಬರು ಮಾಡುವುದುಂಟು. ಓವನ್ನು ಸದಾ ಒಂದೆರಡು ವ್ಯಾಟ್ ಉರಿಸುತ್ತಲೇ ಇರುತ್ತದೆ, ಆ ಶಾಖ ಹೊರಗೆ ಹೋಗಲೇಬೇಕು. ಹೋಗಲು ದಾರಿಯಿಲ್ಲದಷ್ಟು ಹೊದಿಸಿದರೆ ಒಳಗಿನ ಶಾಖ ಏರುತ್ತ ಏರುತ್ತ ಓವನ್ನಿನ ಬಿಂದುವನ್ನೇ ಮುಟ್ಟುತ್ತದೆ. ಹೀಟರ್ ಪೂರ್ತಿ ಆರಿಹೋಗಿ ಕ್ರಿಸ್ಟಲ್ ಹತೋಟಿ ತಪ್ಪುತ್ತದೆ. ರುಬಿಡಿಯಂ ಪೆಟ್ಟಿಗೆ ಇನ್ನೂ ಹೆಚ್ಚು ಶಾಖ ಉಗುಳುತ್ತದೆ, ಅದರ ತಳಕ್ಕೆ ದಪ್ಪ ಅಲ್ಯೂಮಿನಿಯಂ ಹೀಟ್‌ಸಿಂಕ್ ಬೇಕು. ಜಾಣ ಹವ್ಯಾಸಿ ಅದಕ್ಕೊಂದು ಫ್ಯಾನ್ ಜೋಡಿಸಿ, ತಳದ ಶಾಖ ಸದಾ ಒಂದೇ ಅಂಕಿಯಲ್ಲಿ ನಿಲ್ಲುವಂತೆ ಅದರ ವೇಗ ತಿದ್ದುತ್ತಾನೆ. ಚಳಿದೇಶದವನು 35 ಡಿಗ್ರಿ ಆರಿಸಿಕೊಂಡರೆ ದಾವಣಗೆರೆಯವನು 50 ಆರಿಸಿಕೊಳ್ಳಬೇಕು, ಏಕೆಂದರೆ ಫ್ಯಾನಿಗೆ ಹೊರಗಿನ ಗಾಳಿಗಿಂತ ತಣ್ಣಗೆ ಮಾಡಲು ಬರುವುದಿಲ್ಲ. ಹೆಚ್ಚಿನ ಶಾಖದಲ್ಲಿ ಬಿಡಿಭಾಗಗಳ ಆಯುಸ್ಸು ತುಸು ಕಡಿಮೆಯಾಗುತ್ತದೆ. ಬಿಸಿಲೂರಿನ ಹವ್ಯಾಸಿ ನಿಜವಾಗಿ ತೆರುವ ಬೆಲೆ ಇಷ್ಟೇ.

ಅದಕ್ಕಿಂತ ದೊಡ್ಡ ಶತ್ರು ಕರೆಂಟು ಹೋಗುವುದು. ಓವನ್ನು ಒಮ್ಮೆ ತಣ್ಣಗಾಗಿ ಮತ್ತೆ ಕಾದರೆ ಕ್ರಿಸ್ಟಲ್ ಹಳೆಯ ಆವರ್ತನಕ್ಕೇ ಮರಳುತ್ತದೆ ಎಂಬ ಖಾತರಿಯಿಲ್ಲ. ನೂರು ಕೋಟಿಗೆ ಕೆಲವು ಅಂಕ ಆಚೀಚೆ ಕೂತು, ತನ್ನ ಹಳೆಯ ಶಿಸ್ತಿಗೆ ಬರಲು ದಿನಗಳು ಹಿಡಿಯುತ್ತವೆ. ವರ್ಷವಿಡೀ ಒಮ್ಮೆಯೂ ಆರದ ಸಾಧಾರಣ ಕ್ರಿಸ್ಟಲ್, ವಾರಕ್ಕೊಮ್ಮೆ ಆರುವ ಉತ್ತಮ ಕ್ರಿಸ್ಟಲಿಗಿಂತ ನಂಬಿಕಸ್ಥ. ಇದಕ್ಕೆ ಭಾರೀ ಜನರೇಟರ್ ಬೇಕಿಲ್ಲ. ಮೂರು ವ್ಯಾಟ್ ಬೇಡುವ ಓವನ್ನನ್ನು ಯುಪಿಎಸ್‌ಗಳಲ್ಲಿರುವ 12 ವೋಲ್ಟ್, 7 ಆಂಪಿಯರ್‌ ಗಂಟೆಯ ಬ್ಯಾಟರಿ ಇಡೀ ರಾತ್ರಿ ನಡೆಸಬಲ್ಲದು. ಇನ್ನು ಅದುರುವಿಕೆ. ಕ್ರಿಸ್ಟಲನ್ನು ಸುಮ್ಮನೆ ತಲೆಕೆಳಗು ಮಾಡಿದರೂ ಭೂಮಿಯ ಸೆಳೆತದ ದಿಕ್ಕು ಬದಲಾಗಿ ಆವರ್ತನ ನೂರು ಕೋಟಿಗೆ ಒಂದೆರಡು ಅಂಕ ಜಾರುತ್ತದೆ ಎಂದರೆ, ಪಕ್ಕದ ಪವರ್ ಪ್ರೆಸ್ಸಿನ ಹೊಡೆತ ಏನು ಮಾಡೀತು ಎಂದು ಊಹಿಸಬಹುದು. ಪೆಟ್ಟಿಗೆಯನ್ನು ಮರಳು ತುಂಬಿದ ತಟ್ಟೆಯ ಮೇಲೆ ಕೂರಿಸಿದರೆ ಅದುರು ಬಹಳಷ್ಟು ಸಾಯುತ್ತದೆ; ಉಳಿದದ್ದಕ್ಕೆ ಭಾನುವಾರದ ರಜೆ ಇದ್ದೇ ಇದೆ, ಸೂಕ್ಷ್ಮ ಅಳತೆಗಳನ್ನು ಆ ದಿನಕ್ಕೆ ಇಟ್ಟುಕೊಳ್ಳಬಹುದು.

ಎರಡನೆಯ ಆಕ್ಷೇಪ: ಜೇಬಿನ ಮೊಬೈಲ್ ಪುಕ್ಕಟೆಯಾಗಿ ಸರಿಯಾದ ಸಮಯ ತೋರಿಸುವಾಗ ಇದೆಲ್ಲ ಯಾಕೆ? ಸಮಯ ತಿಳಿಯುವುದಕ್ಕಂತೂ ಖಂಡಿತ ಬೇಡ. ಆದರೆ ಗಂಟೆ ಎಷ್ಟಾಯಿತು ಎಂಬುದು ಒಂದು ಪ್ರಶ್ನೆ, ಮಿಡಿತ ಎಷ್ಟು ಸಮ ಎಂಬುದು ಬೇರೆಯೇ ಪ್ರಶ್ನೆ. ಉದಾಹರಣೆಗೆ, 2018ರ ನವೆಂಬರ್‌ನಲ್ಲಿ ಹಾರಿದ ಕತಾರ್‌ನ ಎಸ್‌ಹೈಲ್–2 ಉಪಗ್ರಹದಲ್ಲಿ ಹ್ಯಾಮ್ ರೇಡಿಯೊ ಹವ್ಯಾಸಿಗಳಿಗೆಂದೇ ಒಂದು ಮರುಪ್ರಸಾರಕವಿದೆ. ಭೂಸ್ಥಿರ ಕಕ್ಷೆಯಲ್ಲಿ ಅಂಥದು ಅದೇ ಮೊದಲು. ಕರ್ನಾಟಕದಿಂದ ನೋಡಿದರೆ ಅದು ಪಡುವಣದಲ್ಲಿ, ದಿಗಂತದಿಂದ ಸುಮಾರು 30 ಡಿಗ್ರಿ ಮೇಲೆ ನಿಂತಿದೆ. ಟೀವಿಯ ಡಿಶ್ ಆಂಟೆನಾದಿಂದಲೇ ಅದರ ಧ್ವನಿ ಕೇಳಬಹುದು. ಡಿಶ್ಶಿನ ಮುಂದೆ ಕೂತು ಸಂಕೇತ ಹಿಡಿಯುವ ಎಲ್‌ಎನ್‌ಬಿಯಲ್ಲಿರುವ 25 ಮೆಗಾಹರ್ಟ್ಸ್ ಕ್ರಿಸ್ಟಲನ್ನು 390ರಿಂದ ಗುಣಿಸಿ 9,750 ಮೆಗಾಹರ್ಟ್ಸ್ ಮಾಡಿಕೊಳ್ಳುತ್ತಾರೆ, ಅದರ ಜೊತೆ ಕ್ರಿಸ್ಟಲಿನ ತಪ್ಪೂ 390 ಪಟ್ಟಾಗುತ್ತದೆ. ತಾರಸಿಯ ಬಿಸಿಲಿಗೆ ಅದು ಹತ್ತು ಲಕ್ಷಕ್ಕೆ ಮೂರು ಜಾರಿದರೆ ಇತ್ತ 29 ಕಿಲೊಹರ್ಟ್ಸ್ ಜಾರಿದಂತೆ. ಒಬ್ಬರ ಮಾತಿಗೆ ಅಲ್ಲಿ ಸಿಗುವ ಜಾಗವೇ ಮೂರು ಕಿಲೊಹರ್ಟ್ಸಿಗಿಂತ ಕಡಿಮೆ. ಮೋಡ ಸರಿದು ಬಿಸಿಲು ಬಿದ್ದರೆ ಮಾತಾಡುತ್ತಿದ್ದವರು ಮಾಯ! ಆ ಕ್ರಿಸ್ಟಲನ್ನು ಕಿತ್ತು, ಕೆಳಗಿನ ಕೋಣೆಯಲ್ಲಿ ಕಾಯ್ದಿಟ್ಟ ಮಾನಕದ ಮಿಡಿತವನ್ನು ಕೇಬಲ್ಲಿನಲ್ಲಿ ಮೇಲೆ ಕಳಿಸಿದರೆ ಧ್ವನಿ ಕದಲದೆ ನಿಲ್ಲುತ್ತದೆ.

ಮೂರನೆಯ ಆಕ್ಷೇಪ ಹಣವಂತರದು: ನೇರವಾಗಿ ಪರಮಾಣು ಗಡಿಯಾರವನ್ನೇ ಕೊಂಡರೆ ಕಾಯುವ ಗೊಡವೆ ಇಲ್ಲವಲ್ಲ? ಇದಕ್ಕೆ ನಮ್ಮ ದೇಶದ್ದೇ ಉದಾಹರಣೆ ಇದೆ. ಇಸ್ರೋದ ನಾವಿಕ್ ಪಥದರ್ಶಕ ವ್ಯವಸ್ಥೆಯ ಮೊದಲ ಉಪಗ್ರಹ 2013ರ ಜುಲೈನಲ್ಲಿ ಹಾರಿತು. ಅದರಲ್ಲಿದ್ದ ಮೂರು ವಿದೇಶಿ ರುಬಿಡಿಯಂ ಗಡಿಯಾರಗಳೂ ಕೆಟ್ಟಿವೆ ಎಂಬ ಸುದ್ದಿ 2017ರ ಆರಂಭದಲ್ಲಿ ಹೊರಬಂತು. ಮುಂದೆ 2023ರ ಮೇ 29ರಂದು ಹಾರಿದ ಎನ್‌ವಿಎಸ್–01 ಉಪಗ್ರಹದಲ್ಲಿ ದೇಶದಲ್ಲೇ ಮಾಡಿದ ರುಬಿಡಿಯಂ ಗಡಿಯಾರ ಮೊದಲ ಬಾರಿಗೆ ಕೂತಿತು. ನಾವಿಕ್‌ನ ಸಮಯವನ್ನು ಬೆಂಗಳೂರಿನ ಸಮೀಪದ ಬ್ಯಾಲಾಳಿನಲ್ಲಿ ಒಂದೇ ಗಡಿಯಾರಕ್ಕೆ ಒಪ್ಪಿಸಿಲ್ಲ. ಸೀಸಿಯಂ ಮತ್ತು ಹೈಡ್ರೋಜನ್ ಮೇಸರ್ ಗಡಿಯಾರಗಳ ಗುಂಪನ್ನಿಟ್ಟು ಒಂದನ್ನೊಂದು ಹೋಲಿಸುತ್ತ ತೆಗೆಯುತ್ತಾರೆ. ಪರಮಾಣು ತಾನು ತಪ್ಪುವುದಿಲ್ಲ, ಆದರೆ ಅದನ್ನು ಸುತ್ತುವರಿದ ದೀಪ, ಗಾಜು, ಹೀಟರ್, ಸರ್ಕಿಟ್ ಎಲ್ಲವೂ ಮುಪ್ಪಾಗುತ್ತವೆ. ಗುಜರಿಯಿಂದ ಬಂದ ರುಬಿಡಿಯಂ ಪೆಟ್ಟಿಗೆಯೂ ತಿಂಗಳು ತಿಂಗಳು ತುಸು ಜಾರುತ್ತದೆ, ಅದನ್ನೂ ಮೇಲಿನ ಮೆಟ್ಟಿಲಿನ ಗಡಿಯಾರದ ಜೊತೆ ಹೋಲಿಸಿ ತಿದ್ದುತ್ತಿರಬೇಕು. ದುಡ್ಡು ಕೊಟ್ಟು ಮೆಟ್ಟಿಲು ಏರಬಹುದು, ಕಾವಲು ಮಾತ್ರ ಅಲ್ಲೂ ತಪ್ಪುವುದಿಲ್ಲ.

ಕಡೆಯ ಆಕ್ಷೇಪ ಪ್ರಯೋಜನದ್ದು. ಭಾರತೀಯ ಪ್ರಮಾಣ ಸಮಯದ ಹೊಣೆ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ್ದು. ಕಾರ್ಖಾನೆಯ ಉಪಕರಣಗಳಿಗೆ ಮಾನ್ಯತೆ ಪಡೆದ ಲ್ಯಾಬಿನ ಪ್ರಮಾಣಪತ್ರವೇ ಬೇಕು. ಹವ್ಯಾಸಿಯ ಮಾನಕ ಆ ಜಾಗ ತುಂಬುವುದಿಲ್ಲ, ತುಂಬುತ್ತೇನೆಂದು ಹೇಳಿಕೊಳ್ಳಲೂಬಾರದು. ಆದರೆ ಅಳತೆಯನ್ನು ಹೇಗೆ ನಂಬಬೇಕು, ಎಷ್ಟು ನಂಬಬೇಕು ಎಂಬುದನ್ನು ಇದಕ್ಕಿಂತ ಚೆನ್ನಾಗಿ ಕಲಿಸುವ ಶಾಲೆ ಕಡಿಮೆ. ಅಮೆರಿಕದ ಹವ್ಯಾಸಿ ಟಾಮ್ ವಾನ್ ಬಾಕ್ 2005ರಲ್ಲಿ ಮೂರು ಸೀಸಿಯಂ ಗಡಿಯಾರಗಳನ್ನು ಮನೆಯ ವ್ಯಾನಿನಲ್ಲಿ ಹೇರಿಕೊಂಡು, ಮಕ್ಕಳ ಜೊತೆ ಮೌಂಟ್ ರೇನಿಯರ್ ಬೆಟ್ಟವೇರಿ ಎರಡು ದಿನ ತಂಗಿದ್ದರು. ಎತ್ತರದಲ್ಲಿ ಕಾಲ ತುಸು ಬೇಗ ಓಡುತ್ತದೆ ಎಂಬ ಐನ್‌ಸ್ಟೀನ್ ಸಿದ್ಧಾಂತದ ಲೆಕ್ಕದಂತೆ, ಇಳಿದು ಬಂದಾಗ ಆ ಗಡಿಯಾರಗಳು ಮನೆಯಲ್ಲಿದ್ದವುಗಳಿಗಿಂತ ಸುಮಾರು 22 ನ್ಯಾನೊಸೆಕೆಂಡ್ ಮುಂದಿದ್ದವು. ಮನೆಯಲ್ಲಿ ಉಳಿದ ಗಡಿಯಾರಗಳೂ ವ್ಯಾನಿನಲ್ಲಿ ಹೋದವೂ ಎಷ್ಟು ಜಾರುತ್ತವೆ ಎಂಬ ದಾಖಲೆ ಮೊದಲೇ ಕೈಯಲ್ಲಿ ಇಲ್ಲದಿದ್ದರೆ ಆ 22ಕ್ಕೆ ಅರ್ಥವೇ ಇರುತ್ತಿರಲಿಲ್ಲ.

ದಾಖಲೆಯೇ ಈ ಹವ್ಯಾಸದ ತಿರುಳು. ಗಂಟೆಗೊಮ್ಮೆ ಮಾನಕದ ಮಿಡಿತ ಉಪಗ್ರಹದ ಮಿಡಿತಕ್ಕಿಂತ ಎಷ್ಟು ಆಚೀಚೆ, ಪೆಟ್ಟಿಗೆಯ ಶಾಖ ಎಷ್ಟು, ಬ್ಯಾಟರಿಯ ವೋಲ್ಟ್ ಎಷ್ಟು ಎಂದು ಬರೆದಿಡುವುದು. ಮೊದಲ ತಿಂಗಳುಗಳ ಗೆರೆಗಳಲ್ಲಿ ಕಾಲಕ್ಕಿಂತ ಹವಾಮಾನವೇ ಹೆಚ್ಚು ಕಾಣುತ್ತದೆ: ಮಧ್ಯಾಹ್ನದ ಉಬ್ಬು, ನಸುಕಿನ ತಗ್ಗು, ಮೊದಲ ಮುಂಗಾರು ಮಳೆ ಬಿದ್ದ ಸಂಜೆಯ ಜಾರು. ಸ್ಫಟಿಕದ ಈ ಗುಣವನ್ನೇ ಬಳಸಿ 1960ರ ದಶಕದಲ್ಲಿ ಕ್ವಾರ್ಟ್ಸ್ ಥರ್ಮಾಮೀಟರ್ ಮಾಡಿ ಮಾರಿದ್ದೂ ಉಂಟು. ಸರಿಯಾಗಿ ಕಾಯದ ಮಾನಕ ಒಂದು ಒಳ್ಳೆಯ ಥರ್ಮಾಮೀಟರೇ. ನೀರಿನ ಕ್ಯಾನು, ಮರಳಿನ ತಟ್ಟೆ, ಫ್ಯಾನು, ಬ್ಯಾಟರಿ ಒಂದೊಂದಾಗಿ ಸೇರಿದಂತೆ ಆ ಉಬ್ಬುತಗ್ಗು ಇಳಿಯುತ್ತ ಬರುತ್ತವೆ. ಯಾವ ತಿಂಗಳ ಗೆರೆಯನ್ನು ನೋಡಿ ಇದು ಏಪ್ರಿಲ್ಲೋ ಡಿಸೆಂಬರೋ ಎಂದು ಹೇಳಲಾಗುವುದಿಲ್ಲವೋ, ಆ ತಿಂಗಳು ಕರೂರಿನ ಶೆಡ್ಡಿನ ಆ ಮೂಲೆಯಲ್ಲಿ ಒಂದು ಮಾನಕವಿದೆ ಎನ್ನಬಹುದು.